ಹೊಸ ಹೋಮ್ ಸರ್ವರ್‌ನಲ್ಲಿ ಮೊದಲು ಏನು ಹಾಕಬೇಕು?

2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಬೆಂಬಲ ಮುಗಿಯಿತು. ಚೆನ್ನಾಗೇ ಓಡುತ್ತಿದ್ದ ಎಷ್ಟೋ ಕಂಪ್ಯೂಟರ್‌ಗಳು ಮೂಲೆ ಸೇರಿದವು. 2017ರ ಸುಮಾರಿಗೆ ಕೊಂಡ ಲ್ಯಾಪ್‌ಟಾಪ್‌ಗಳನ್ನು ವಿಂಡೋಸ್ 11 ಸಾಮಾನ್ಯವಾಗಿ ಒಪ್ಪುವುದಿಲ್ಲ. ಇಂಟೆಲ್ ಆದರೆ 8ನೇ ತಲೆಮಾರಿನದೋ ಅದಕ್ಕಿಂತ ಹೊಸದೋ ಬೇಕು ಅನ್ನುತ್ತದೆ. ಇನ್ನೊಂದು ಕಡೆ ಫೋನ್ ಮೇಲಿಂದ ಮೇಲೆ ಹೇಳುತ್ತಿರುತ್ತದೆ: ಜಾಗ ತುಂಬಿದೆ. ಗೂಗಲ್ ಫೋಟೋಸ್ 2021ರ ಜೂನ್ 1ರಿಂದ ಮಿತಿಯಿಲ್ಲದ ಉಚಿತ ಜಾಗ ಕೊಡುವುದನ್ನು ನಿಲ್ಲಿಸಿತು. ಈಗ ಜಿಮೇಲ್, ಡ್ರೈವ್, ಫೋಟೋಸ್ ಮೂರಕ್ಕೂ ಸೇರಿ ಪುಕ್ಕಟೆ ಸಿಗುವುದು 15 ಜಿಬಿ. ಒಂದು ಮದುವೆ, ಒಂದು ಗೃಹಪ್ರವೇಶ, ಮಗುವಿನ ಒಂದಷ್ಟು ವಿಡಿಯೋ ಆದರೆ ತುಂಬಿಹೋಯಿತು.

ಹೀಗಾಗಿ ಹಳೇ ಕಂಪ್ಯೂಟರನ್ನೇ ಮನೆಯ ಸರ್ವರ್ ಮಾಡೋಣ ಅಂತ ಹೊರಟವರು ಈಗ ಜಾಸ್ತಿ. ವಿಂಡೋಸ್ ಬದಲು ಡೆಬಿಯನ್ ಅಥವಾ ಉಬುಂಟು ಅನ್ನುವ ಉಚಿತ ಆಪರೇಟಿಂಗ್ ಸಿಸ್ಟಮ್ ಹಾಕುವುದು ಒಂದು ಸಂಜೆಯ ಕೆಲಸ. ಕಷ್ಟ ಶುರುವಾಗುವುದು ಮಾರನೇ ದಿನ. ಯಂತ್ರ ಆನ್ ಆಗಿದೆ, ನೆಟ್ ಸಿಕ್ಕಿದೆ. ಮುಂದೇನು? ಹುಡುಕಿದರೆ ನೂರಾರು ಸಾಫ್ಟ್‌ವೇರ್‌ಗಳ ಹೆಸರು ಸಿಗುತ್ತವೆ. ಹೆಚ್ಚಿನವು ಉಚಿತ. ಎಲ್ಲವೂ ಬೇಕು ಅನ್ನಿಸುತ್ತದೆ.

ಸರ್ವರ್ ಅಂದರೆ ಅಂಥದ್ದೇನು?

ಸದಾ ಆನ್ ಇದ್ದು, ಬೇರೆ ಸಾಧನಗಳು ಕೇಳಿದ್ದನ್ನು ಕೊಡುವ ಕಂಪ್ಯೂಟರಿಗೆ ಸರ್ವರ್ ಅನ್ನುತ್ತಾರೆ. ಅಷ್ಟೇ. ಒಮ್ಮೆ ಸಿದ್ಧವಾದ ಮೇಲೆ ಅದಕ್ಕೆ ಪರದೆ ಬೇಡ, ಕೀಬೋರ್ಡ್ ಬೇಡ. ರೌಟರ್‌ನಿಂದ ಒಂದು ಕೇಬಲ್ ಎಳೆದು ಮೂಲೆಯಲ್ಲಿಟ್ಟರೆ ಸಾಕು. ನಮ್ಮ ಮನೆಯದು ಟಿವಿ ಸ್ಟ್ಯಾಂಡಿನ ಹಿಂದೆ ಕೂತಿದೆ. 2017ರ ಲ್ಯಾಪ್‌ಟಾಪ್, 8 ಜಿಬಿ ರ್ಯಾಮ್, ಕೀಬೋರ್ಡಿನಲ್ಲಿ ಎರಡು ಕೀಲಿ ಕಿತ್ತುಹೋಗಿವೆ. ಸರ್ವರ್ ಕೆಲಸಕ್ಕೆ ಅದರಿಂದ ಏನೂ ತೊಂದರೆ ಇಲ್ಲ.

ಗೂಗಲ್ ಫೋಟೋಸ್ ಥರದ ಕ್ಲೌಡ್ ಅನ್ನುವುದು ನಗರಸಭೆಯ ನಲ್ಲಿ ಇದ್ದ ಹಾಗೆ. ಪೈಪು ಒಡೆದರೆ ಅವರೇ ರಿಪೇರಿ ಮಾಡುತ್ತಾರೆ. ದರವನ್ನೂ ಅವರೇ ಗೊತ್ತುಮಾಡುತ್ತಾರೆ. ಹೋಮ್ ಸರ್ವರ್ ನಿಮ್ಮ ಹಿತ್ತಲಿನ ಬಾವಿ. ಕೊಡಕ್ಕಿಷ್ಟು ಅಂತ ಯಾರೂ ಕೇಳುವುದಿಲ್ಲ. ಆದರೆ ಹೂಳು ತೆಗೆಸುವುದು, ಹಗ್ಗ ಬದಲಿಸುವುದು ನಿಮ್ಮ ಪಾಲಿಗೆ ಬರುತ್ತದೆ. ಈ ಬಾವಿಯನ್ನು ಯಾವುದಕ್ಕೆಲ್ಲ ನೆಚ್ಚಿಕೊಳ್ಳಬೇಕು ಅನ್ನುವುದನ್ನೇ ಮೊದಲು ಯೋಚಿಸಬೇಕು.

ಟಿಫಿನ್ ಕ್ಯಾರಿಯರ್ ಲೆಕ್ಕ

ಫೋನಿನಲ್ಲಿ ಆ್ಯಪ್ ಇರುವ ಹಾಗೆ ಸರ್ವರ್‌ನಲ್ಲಿ ಸರ್ವೀಸ್‌ಗಳು ಇರುತ್ತವೆ. ಫೋಟೋ ಇಡಲು ಒಂದು, ಸಿನಿಮಾ ತೋರಿಸಲು ಒಂದು. ಇವನ್ನು ಹಾಕಲು ಈಗ ಹೆಚ್ಚಿನವರು ಬಳಸುವುದು ಡಾಕರ್. 2013ರಲ್ಲಿ ಬಂದ ಈ ಸಾಧನ ಟಿಫಿನ್ ಕ್ಯಾರಿಯರ್ ಥರ. ಹಿಡಿ ಒಂದೇ, ಒಳಗಿನ ಡಬ್ಬಿಗಳು ಬೇರೆ ಬೇರೆ. ಸಾರು ಹೋಗಿ ಪಲ್ಯಕ್ಕೆ ಸೇರುವುದಿಲ್ಲ. ಒಂದು ಡಬ್ಬಿ ಹಳಸಿದರೆ ಅದೊಂದನ್ನೇ ತೊಳೆದು ಮತ್ತೆ ತುಂಬಬಹುದು. ಈ ಡಬ್ಬಿಗೆ ಕಂಟೇನರ್ ಅಂತ ಹೆಸರು.

ಒಂದು ವಿಷಯ ಮಾತ್ರ ಮರೆಯಬಾರದು. ಡಬ್ಬಿ ಬಿಸಾಡಿದರೆ ಒಳಗಿದ್ದದ್ದೂ ಹೋಗುತ್ತದೆ. ಅದಕ್ಕೇ ಫೋಟೋ, ಕಡತಗಳನ್ನು ಡಬ್ಬಿಯ ಹೊರಗೆ, ಡಿಸ್ಕಿನ ಒಂದು ಫೋಲ್ಡರ್‌ನಲ್ಲಿ ಇಡುವ ಏರ್ಪಾಡು ಇದೆ. ಅದನ್ನು ವಾಲ್ಯೂಮ್ ಅನ್ನುತ್ತಾರೆ. ಯಾವ ಸರ್ವೀಸ್ ಹಾಕಿದರೂ ಇದರ ಡೇಟಾ ಡಿಸ್ಕಿನಲ್ಲಿ ಎಲ್ಲಿದೆ ಅನ್ನುವುದನ್ನು ಮೊದಲು ನೋಡಿ ಬರೆದಿಟ್ಟುಕೊಳ್ಳಿ.

ಹಾಕಿದ ಸರ್ವೀಸನ್ನು ತೆರೆಯುವುದು ಬ್ರೌಸರ್‌ನಲ್ಲೇ. 192.168.1.20:8096 ಅಂತ ಟೈಪ್ ಮಾಡುತ್ತೀರಿ ಅನ್ನಿ. ಮೊದಲ ಭಾಗ ಕಟ್ಟಡದ ವಿಳಾಸ, ಅಂದರೆ ನಿಮ್ಮ ಸರ್ವರ್. ಕೊನೆಯ 8096 ಒಳಗಿನ ಮನೆಯ ನಂಬರ್. ಅದಕ್ಕೆ ಪೋರ್ಟ್ ಅನ್ನುತ್ತಾರೆ. ಒಂದೇ ಕಟ್ಟಡದಲ್ಲಿ ಎಷ್ಟೋ ಸಂಸಾರ ಇರಬಹುದು ಅಲ್ವಾ, ಹಾಗೆ.

ಕೇಳಿಕೊಳ್ಳಬೇಕಾದ ಎರಡು ಪ್ರಶ್ನೆ

ಸರ್ವೀಸ್‌ಗಳನ್ನು ಆರಿಸುವಾಗ ಅದು ಏನೇನು ಮಾಡುತ್ತದೆ ಅಂತ ನೋಡುವುದು ಸಹಜ. ಅದಕ್ಕಿಂತ ಜಾಸ್ತಿ ಉಪಯೋಗಕ್ಕೆ ಬರುವುದು ಬೇರೆ ಎರಡು ಪ್ರಶ್ನೆ. ಇದು ಒಂದು ದಿನ ನಿಂತುಹೋದರೆ ಮನೆಯಲ್ಲಿ ಏನಾಗುತ್ತದೆ? ಇದರ ಡೇಟಾ ಪೂರ್ತಿ ಅಳಿಸಿಹೋದರೆ ಏನಾಗುತ್ತದೆ?

ಈ ಎರಡಕ್ಕೆ ಉತ್ತರ ಬೇರೆ ಬೇರೆ ಬರುತ್ತದೆ. ಫೋಟೋ ಸರ್ವೀಸ್ ಒಂದು ದಿನ ನಿಂತರೆ ಯಾರಿಗೂ ಗೊತ್ತೇ ಆಗುವುದಿಲ್ಲ. ಅದರ ಡೇಟಾ ಹೋದರೆ ಹತ್ತು ವರ್ಷದ ನೆನಪು ಹೋಯಿತು. ಜಾಹೀರಾತು ತಡೆಯುವ ಪೈ-ಹೋಲ್ ಇದಕ್ಕೆ ತಿರುವುಮುರುವು. ಅದರ ಡೇಟಾ ಹೋದರೆ ಅರ್ಧ ಗಂಟೆಯಲ್ಲಿ ಮತ್ತೆ ಹಾಕಿಕೊಳ್ಳಬಹುದು, ಆದರೆ ಐದು ನಿಮಿಷ ನಿಂತರೂ ಮನೆಮಂದಿಗೆಲ್ಲ ಇಂಟರ್ನೆಟ್ ಇಲ್ಲ. ಸಿನಿಮಾ ತೋರಿಸುವ ಸರ್ವೀಸ್ ಈ ಎರಡರಲ್ಲೂ ಹಗುರ. ಕೈ ಪಳಗುವವರೆಗೆ ಹಗುರವಾದದ್ದನ್ನು ಹಾಕಿ, ಭಾರದ್ದನ್ನು ಆಮೇಲೆ ಹಾಕಬೇಕು.

ಶುರುವಿಗೆ ಜೆಲ್ಲಿಫಿನ್

ಜೆಲ್ಲಿಫಿನ್ 2018ರ ಡಿಸೆಂಬರ್‌ನಲ್ಲಿ ಎಂಬಿ ಅನ್ನುವ ಸಾಫ್ಟ್‌ವೇರಿನಿಂದ ಕವಲೊಡೆದು ಬಂದದ್ದು. ಡಿಸ್ಕಿನಲ್ಲಿರುವ ವಿಡಿಯೋ, ಹಾಡುಗಳನ್ನು ಪೋಸ್ಟರ್ ಸಮೇತ ಜೋಡಿಸಿ ಟಿವಿಗೂ ಫೋನಿಗೂ ಕಳಿಸುತ್ತದೆ. ಉಚಿತ. ಮೊದಲ ಸರ್ವೀಸ್ ಆಗಿ ಇದು ಚೆನ್ನ. ತಪ್ಪಾದರೆ ಅಳಿಸಿ ಮತ್ತೆ ಹಾಕಬಹುದು, ಮನೆಯವರ ಯಾವ ಕೆಲಸವೂ ನಿಲ್ಲುವುದಿಲ್ಲ.

ನಾವು ಇದರಲ್ಲಿ ಮೊದಲು ಹಾಕಿದ್ದು ಅಕ್ಕನ ಮದುವೆಯ ಡಿವಿಡಿ. ಬೀರುವಿನಲ್ಲಿ ಆಲ್ಬಮ್ ಜೊತೆ ಮೂರು ಡಿಸ್ಕ್ ಇದ್ದವು. ಒಂದರ ಮೇಲೆ ಬೂಸಲು ಕಟ್ಟಿದ ಹಾಗೆ ಮಚ್ಚೆ. ಮೆತ್ತನೆಯ ಬಟ್ಟೆಯಿಂದ ನಡುವಿನಿಂದ ಅಂಚಿಗೆ ಒರೆಸಿ, ಎರಡನೇ ಸಲಕ್ಕೆ ಓದಿಸಿಕೊಂಡೆ. ಆ ರಾತ್ರಿ ಟಿವಿಯಲ್ಲಿ ಧಾರೆಯ ಹೊತ್ತಿನ ದೃಶ್ಯ ಬಂದಾಗ ಈಗ ಇಲ್ಲದ ನಮ್ಮಜ್ಜಿ ಎದ್ದು ಬಂದು ಅಕ್ಷತೆ ಹಾಕಿದರು. ಅಮ್ಮ ಅದನ್ನೇ ನಾಲ್ಕು ಸಲ ಹಾಕಿಸಿಕೊಂಡರು. ನಿಮ್ಮ ಮನೆಯಲ್ಲೂ ಅಂಥ ಡಿಸ್ಕ್ ಇದ್ದರೆ ತಡಮಾಡಬೇಡಿ. ಮನೆಯಲ್ಲಿ ಬರೆದ ಡಿವಿಡಿಗಳು ವರ್ಷ ಕಳೆದಂತೆ ಓದಲು ಬಾರದ ಹಾಗೆ ಆಗುತ್ತವೆ. ಹಳೇ ಯಕ್ಷಗಾನ, ಹರಿಕಥೆ ಕ್ಯಾಸೆಟ್‌ಗಳನ್ನು ಫೈಲ್ ಮಾಡಿಸಿಕೊಂಡಿದ್ದರೆ ಅವೂ ಇಲ್ಲೇ ಬರಲಿ.

ಇಲ್ಲಿ ಗೊತ್ತಿರಬೇಕಾದ ಒಂದು ಪದ ಟ್ರಾನ್ಸ್‌ಕೋಡಿಂಗ್. ವಿಡಿಯೋ ಒಂದು ರೂಪದಲ್ಲಿದೆ, ಟಿವಿಗೆ ಆ ರೂಪ ಅರ್ಥವಾಗುವುದಿಲ್ಲ. ಆಗ ಸರ್ವರ್ ನಡುವೆ ನಿಂತು ದುಭಾಷಿಯ ಹಾಗೆ ಅಲ್ಲಲ್ಲೇ ಬದಲಿಸಿ ಕೊಡುತ್ತದೆ. ಇದು ತುಂಬ ಶ್ರಮದ ಕೆಲಸ. ಹತ್ತು ವರ್ಷದೊಳಗಿನ ಹೆಚ್ಚಿನ ಇಂಟೆಲ್ ಲ್ಯಾಪ್‌ಟಾಪ್‌ಗಳಲ್ಲಿ ಇದಕ್ಕೆಂದೇ ಒಂದು ಭಾಗ ಇದೆ, ಹೆಸರು ಕ್ವಿಕ್ ಸಿಂಕ್. 2023ರಲ್ಲಿ ಬಂದ ಇಂಟೆಲ್ ಎನ್100 ಚಿಪ್‌ನ ಚಿಕ್ಕ ಪೆಟ್ಟಿಗೆಗಳಲ್ಲೂ ಇದೆ. ರಾಸ್ಪ್‌ಬೆರಿ ಪೈ 5 ಅನ್ನುವ ಅಂಗೈಯಗಲದ ಕಂಪ್ಯೂಟರಿನಲ್ಲಿ ವಿಡಿಯೋ ಹೀಗೆ ಬದಲಿಸುವ ಭಾಗ ಇಲ್ಲ. ಸಿನಿಮಾ ಮುಖ್ಯ ಅನ್ನುವವರು ಕೊಳ್ಳುವ ಮುಂಚೆ ಇದನ್ನು ನೋಡಿಕೊಳ್ಳಬೇಕು.

ಫೋಟೋಗಳು: ಬ್ಯಾಕಪ್ ಆದ ಮೇಲೆ

ಹೆಚ್ಚಿನವರು ಸರ್ವರ್ ಮಾಡುವುದೇ ಫೋಟೋಗಾಗಿ. ಅದಕ್ಕೆ ಈಗ ಒಳ್ಳೆಯ ಆಯ್ಕೆ ಇಮಿಚ್. 2022ರಲ್ಲಿ ಶುರುವಾದ ಈ ಯೋಜನೆ 2025ರ ಅಕ್ಟೋಬರ್‌ನಲ್ಲಿ ಮೊದಲ ಸ್ಥಿರ ಆವೃತ್ತಿ ಕೊಟ್ಟಿತು. ಫೋನಿನ ಆ್ಯಪ್ ಹೊಸ ಫೋಟೋಗಳನ್ನು ಮನೆಯ ವೈಫೈ ಸಿಕ್ಕಾಗ ಸರ್ವರ್‌ಗೆ ಕಳಿಸುತ್ತದೆ. ಮುಖ ಗುರುತಿಸಿ ಒಬ್ಬೊಬ್ಬರದೂ ಬೇರೆ ಮಾಡುತ್ತದೆ. ನೋಡಲು ಗೂಗಲ್ ಫೋಟೋಸ್ ಥರಾನೇ ಇರುವುದರಿಂದ ಮನೆಯ ಹಿರಿಯರಿಗೂ ಕಲಿಸುವುದು ಕಷ್ಟವಲ್ಲ. ಸಮುದ್ರ, ತೇರು ಅಂತ ವಿಷಯ ಹೇಳಿ ಹುಡುಕಬಹುದು. ಶುರುವಿಗೆ ಬರುವ ಹುಡುಕುವ ಮಾದರಿಗೆ ಇಂಗ್ಲಿಷ್ ಮಾತ್ರ ಚೆನ್ನಾಗಿ ಬರುತ್ತದೆ. ಬಹುಭಾಷಾ ಮಾದರಿ ಬೇಕಾದರೆ ಸೆಟ್ಟಿಂಗ್‌ನಲ್ಲಿ ಬದಲಿಸಬೇಕು. ಈ ಎಲ್ಲ ಕೆಲಸಕ್ಕೆ 8 ಜಿಬಿ ರ್ಯಾಮ್ ಇದ್ದರೆ ನೆಮ್ಮದಿ.

ಎರಡನೇ ಪ್ರಶ್ನೆ ಇಲ್ಲಿ ಬಲವಾಗಿ ಕೂರುತ್ತದೆ. ಡೇಟಾ ಹೋದರೆ? ಹಾರ್ಡ್ ಡಿಸ್ಕ್ ಒಂದು ದಿನ ಕೆಟ್ಟೇ ಕೆಡುತ್ತದೆ. ಅದು ಯಾವ ದಿನ ಅನ್ನುವುದು ಮಾತ್ರ ಗೊತ್ತಿರುವುದಿಲ್ಲ. ಫೋಟೋಗ್ರಾಫರ್ ಪೀಟರ್ ಕ್ರೋಗ್ ಜನಪ್ರಿಯ ಮಾಡಿದ 3-2-1 ಅನ್ನುವ ನಿಯಮ ಇದಕ್ಕೇ ಇರುವುದು. ಒಟ್ಟು ಮೂರು ಪ್ರತಿ, ಎರಡು ಬಗೆಯ ಸಾಧನದಲ್ಲಿ, ಅದರಲ್ಲಿ ಒಂದು ಪ್ರತಿ ಬೇರೆ ಜಾಗದಲ್ಲಿ.

ಸರ್ವರ್‌ನಲ್ಲೇ ಎರಡು ಡಿಸ್ಕ್ ಹಾಕಿ ಒಂದರ ಪಡಿಯಚ್ಚು ಇನ್ನೊಂದರಲ್ಲಿ ಇರುವ ಹಾಗೆ ಮಾಡುವವರಿದ್ದಾರೆ. ಇದಕ್ಕೆ ರೇಡ್ ಅನ್ನುತ್ತಾರೆ. ಒಂದು ಡಿಸ್ಕ್ ಸತ್ತಾಗ ಇದು ಕೆಲಸಕ್ಕೆ ಬರುತ್ತದೆ. ಆದರೆ ನೀವೇ ತಪ್ಪಿ ಒಂದು ಆಲ್ಬಮ್ ಅಳಿಸಿದರೆ ಎರಡರಿಂದಲೂ ಅಳಿಯುತ್ತದೆ. ಸಿಡಿಲು ಬಡಿದರೆ ಎರಡೂ ಸುಡುತ್ತವೆ. ಜಮೀನಿನ ಪತ್ರದ ಜೆರಾಕ್ಸ್ ತೆಗೆಸಿ ಅದನ್ನೂ ಅದೇ ಟ್ರಂಕಿನಲ್ಲಿಟ್ಟ ಹಾಗೆ.

ನಮ್ಮಲ್ಲಿ ಎರಡು ಹೊರಗಿನ ಹಾರ್ಡ್ ಡಿಸ್ಕ್ ಇವೆ. ಒಂದು ಸರ್ವರ್ ಪಕ್ಕ, ಅದಕ್ಕೆ ದಿನಾ ರಾತ್ರಿ ಪ್ರತಿ ಆಗುತ್ತದೆ. ಇನ್ನೊಂದು ತಮ್ಮನ ಮನೆಯಲ್ಲಿ. ತಿಂಗಳಿಗೊಮ್ಮೆ ಹೋದಾಗ ಅದಲುಬದಲು ಮಾಡುತ್ತೇವೆ. ಫೋಟೋ ಫೈಲ್ ಪ್ರತಿ ಮಾಡಿದರೆ ಸಾಲದು. ಆಲ್ಬಮ್, ಮುಖಗಳ ಹೆಸರು ಎಲ್ಲ ಇರುವುದು ಡೇಟಾಬೇಸ್‌ನಲ್ಲಿ. ಇಮಿಚ್ ದಿನಾ ನಸುಕಿನ 2 ಗಂಟೆಗೆ ಡೇಟಾಬೇಸ್‌ನ ಒಂದು ಪ್ರತಿ ತಾನೇ ತೆಗೆದು ತನ್ನ ಫೋಲ್ಡರಿನೊಳಗೆ ಇಡುತ್ತದೆ. ಆ ಫೋಲ್ಡರ್ ಪೂರ್ತಿಯಾಗಿ ಹೊರಗಿನ ಡಿಸ್ಕಿಗೆ ಹೋಗುತ್ತಿದೆಯಾ ನೋಡಿ. ಆಗಾಗ ಬ್ಯಾಕಪ್‌ನಿಂದ ಹತ್ತು ಫೋಟೋ ಬೇರೆ ಕಂಪ್ಯೂಟರಿನಲ್ಲಿ ತೆರೆದೂ ನೋಡಿ. ತೆರೆದರೆ ಮಾತ್ರ ಅದು ಬ್ಯಾಕಪ್.

ಗೂಗಲ್‌ನಲ್ಲಿ ಈಗಾಗಲೇ ಇರುವ ಫೋಟೋಗಳನ್ನು ಟೇಕ್‌ಔಟ್ ಅನ್ನುವ ಸೌಲಭ್ಯದಿಂದ ಇಳಿಸಿಕೊಳ್ಳಬಹುದು. ಕೆಲವು ಫೋಟೋಗಳ, ಮುಖ್ಯವಾಗಿ ವಾಟ್ಸಾಪ್‌ನಲ್ಲಿ ಬಂದವುಗಳ ದಿನಾಂಕ ಫೋಟೋದೊಳಗೆ ಇರುವುದಿಲ್ಲ. ಅದು ಪಕ್ಕದ ಚಿಕ್ಕ ಫೈಲಿನಲ್ಲಿ ಬರುತ್ತದೆ. ಸುಮ್ನೆ ಎಳೆದು ಹಾಕಿದರೆ ದಿನಾಂಕಗಳು ಕಲಸಿಹೋಗುತ್ತವೆ. ಇಮಿಚ್-ಗೋ ಅನ್ನುವ ಸಾಧನ ಆ ಚಿಕ್ಕ ಫೈಲುಗಳನ್ನೂ ಓದಿ ಸರಿಯಾಗಿ ಸೇರಿಸುತ್ತದೆ. ಎಲ್ಲ ಬಂತು ಅಂತ ಅನ್ನಿಸಿದರೂ ಆರು ತಿಂಗಳು ಗೂಗಲ್‌ನಿಂದ ಏನೂ ಅಳಿಸಬೇಡಿ.

ಪಹಣಿಯಿಂದ ಮಾರ್ಕ್ಸ್ ಕಾರ್ಡ್‌ವರೆಗೆ

ಪೇಪರ್‌ಲೆಸ್-ಎನ್‌ಜಿಎಕ್ಸ್ ಅಷ್ಟಾಗಿ ಜನರ ಬಾಯಲ್ಲಿಲ್ಲ, ಆದರೆ ನಮ್ಮ ಮನೆಗಳಿಗೆ ಹೇಳಿಮಾಡಿಸಿದ್ದು. ಖಾತಾ, ತೆರಿಗೆ ರಸೀದಿ, ವಿಮೆ ಪತ್ರ, ಮಕ್ಕಳ ಮಾರ್ಕ್ಸ್ ಕಾರ್ಡ್ ಸ್ಕ್ಯಾನ್ ಮಾಡಿ ಹಾಕಿದರೆ ಅದರಲ್ಲಿನ ಅಕ್ಷರ ಓದಿ ನೆನಪಿಟ್ಟುಕೊಳ್ಳುತ್ತದೆ. ಚಿತ್ರದಿಂದ ಅಕ್ಷರ ಓದುವ ಈ ವಿದ್ಯೆಗೆ ಓಸಿಆರ್ ಅಂತ ಹೆಸರು. ಇದು ಬಳಸುವ ಟೆಸರಾಕ್ಟ್‌ಗೆ ಕನ್ನಡವೂ ಬರುತ್ತದೆ. ಆದರೆ ಶುರುವಿನಲ್ಲೇ ಸೆಟ್ಟಿಂಗ್‌ನಲ್ಲಿ ಕನ್ನಡವನ್ನು ಸೇರಿಸಬೇಕು, ತಾನಾಗಿ ಬರುವುದಿಲ್ಲ. ಅಚ್ಚಾದ ಕನ್ನಡವನ್ನು ತಕ್ಕಮಟ್ಟಿಗೆ ಓದುತ್ತದೆ. ಶಾನುಭೋಗರ ಕಾಲದ ಕೈಬರಹದ ಕಾಗದಗಳಿಗೆ ನೀವೇ ಹೆಸರು, ಊರು ಬರೆದು ಗುರುತು ಹಾಕಬೇಕು. ಮೂಲ ಕಾಗದವನ್ನು ಎಸೆಯಬಾರದು ಅಂತ ಬೇರೆ ಹೇಳಬೇಕಿಲ್ಲ. ಫೋಟೋಗೆ ಮಾಡಿದ ಬ್ಯಾಕಪ್ ಇದಕ್ಕೂ ಇರಲಿ.

ಮಕ್ಕಳಿರುವ ಮನೆಗೆ ಕಿವಿಕ್ಸ್ ಇನ್ನೊಂದು. ಪೂರ್ತಿ ವಿಕಿಪೀಡಿಯವನ್ನು ಇಳಿಸಿಟ್ಟುಕೊಂಡು ನೆಟ್ ಇಲ್ಲದೆಯೂ ಓದಿಸುತ್ತದೆ. 2003ರಲ್ಲಿ ಶುರುವಾದ ಕನ್ನಡ ವಿಕಿಪೀಡಿಯವೂ ಅದರಲ್ಲಿ ಸಿಗುತ್ತದೆ. ಇದು ನಿಂತರೂ ಅಳಿದರೂ ನಷ್ಟವಿಲ್ಲ.

ಪೈ-ಹೋಲ್ ಹಾಕುವ ಮುಂಚೆ

ನೀವು ಒಂದು ವೆಬ್‌ಸೈಟ್ ಹೆಸರು ಟೈಪ್ ಮಾಡಿದಾಗ ಫೋನ್ ಮೊದಲು ಅದರ ವಿಳಾಸ ಯಾವುದು ಅಂತ ಯಾರನ್ನೋ ಕೇಳುತ್ತದೆ. ಹೊಸ ಊರಿಗೆ ಹೋದಾಗ ಬಸ್ ಸ್ಟ್ಯಾಂಡ್ ಎದುರಿನ ಅಂಗಡಿಯಲ್ಲಿ ದಾರಿ ಕೇಳುವುದಿಲ್ಲವೇ, ಹಾಗೆ. ದಾರಿ ಹೇಳುವ ಆ ಅಂಗಡಿಯೇ ಡಿಎನ್‌ಎಸ್. ಪೈ-ಹೋಲ್ ನಿಮ್ಮ ಮನೆಯ ಡಿಎನ್‌ಎಸ್ ಆಗುತ್ತದೆ. ಜಾಹೀರಾತು ಕಂಪನಿಯ ವಿಳಾಸ ಕೇಳಿದರೆ ಅಂಥವರು ಇಲ್ಲ ಅಂದುಬಿಡುತ್ತದೆ. ಜಾಹೀರಾತು ಬರುವುದೇ ಇಲ್ಲ. ಯೂಟ್ಯೂಬ್ ಜಾಹೀರಾತು ಮಾತ್ರ ಇದಕ್ಕೆ ಬಗ್ಗುವುದಿಲ್ಲ. ಅಲ್ಲಿ ವಿಡಿಯೋ ಬರುವ ವಿಳಾಸದಿಂದಲೇ ಜಾಹೀರಾತೂ ಬರುತ್ತದೆ.

ಅಂಗಡಿ ಮುಚ್ಚಿದರೆ ಊರಿನಲ್ಲಿ ಯಾರಿಗೂ ದಾರಿ ಗೊತ್ತಾಗುವುದಿಲ್ಲ. ನಮ್ಮಲ್ಲಿ ಒಂದು ಸೋಮವಾರ ಹಾಗೇ ಆಯಿತು. ಹಿಂದಿನ ರಾತ್ರಿ ಮಾಡಿದ ಅಪ್‌ಡೇಟ್‌ನಲ್ಲಿ ಸರ್ವರ್ ಸಿಕ್ಕಿಹಾಕಿಕೊಂಡಿತ್ತು. ಬೆಳಗ್ಗೆ ಒಂಬತ್ತಕ್ಕೆ ಹೆಂಡತಿಯ ಮೀಟಿಂಗ್. ವೈಫೈ ಗುರುತು ಪೂರ್ತಿ ಇದೆ, ರೌಟರ್‌ನಲ್ಲಿ ಹಸಿರು ದೀಪ ಉರಿಯುತ್ತಿದೆ, ಒಂದು ಪುಟವೂ ತೆರೆಯುತ್ತಿಲ್ಲ. ನಾನು ಪ್ರಯಾಣದಲ್ಲಿದ್ದೆ. ಮೀಟಿಂಗ್ ತಪ್ಪಿತು. ರೌಟರ್‌ನಲ್ಲಿ ಡಿಎನ್‌ಎಸ್ ಮೊದಲಿನ ಹಾಗೆ ಮಾಡಲು ಎರಡು ನಿಮಿಷ ಸಾಕಿತ್ತು. ಮನೆಯಲ್ಲಿ ಯಾರಿಗೂ ಅದು ಗೊತ್ತಿರಲಿಲ್ಲ.

ರೌಟರ್‌ನಲ್ಲಿ ಎರಡನೇ ಡಿಎನ್‌ಎಸ್ ಅಂತ ಹೊರಗಿನದನ್ನು ಕೊಟ್ಟರಾಯಿತು ಅಂದುಕೊಳ್ಳುತ್ತೇವೆ. ಆದರೆ ಎಷ್ಟೋ ಸಾಧನಗಳು ಎರಡರಲ್ಲಿ ಯಾವುದನ್ನು ಬೇಕಾದರೂ ಕೇಳುತ್ತವೆ, ಜಾಹೀರಾತು ಮತ್ತೆ ನುಸುಳುತ್ತದೆ. ಮೊದಲ ಎರಡು ತಿಂಗಳು ನಿಮ್ಮ ಫೋನಿನ ವೈಫೈ ಸೆಟ್ಟಿಂಗ್‌ನಲ್ಲಿ ಮಾತ್ರ ಪೈ-ಹೋಲ್ ವಿಳಾಸ ಹಾಕಿ ನೋಡುವುದು ಒಳ್ಳೆಯದು. ಇಡೀ ಮನೆಗೆ ಬೇಕು ಅಂದರೆ ಇನ್ನೊಂದು ಚಿಕ್ಕ ಯಂತ್ರದಲ್ಲಿ ಎರಡನೇ ಪೈ-ಹೋಲ್ ಇಡಬೇಕು.

ಊರಿನಿಂದಾಚೆ ಇದ್ದಾಗ

ಮನೆಯೊಳಗೆ ಎಲ್ಲ ಸರಿ, ಹೊರಗೆ ಹೋದಾಗ ಫೋಟೋ ನೋಡುವುದು ಹೇಗೆ? ಇಂಟರ್ನೆಟ್‌ನ ಹಳೇ ಬಗೆಯ ವಿಳಾಸಗಳು ಇರುವುದೇ ಸುಮಾರು 430 ಕೋಟಿ. ಜನ ಅದಕ್ಕಿಂತ ಜಾಸ್ತಿ, ಸಾಧನಗಳು ಇನ್ನೂ ಜಾಸ್ತಿ. ಅದಕ್ಕೇ ನಮ್ಮ ದೇಶದ ಎಷ್ಟೋ ಇಂಟರ್ನೆಟ್ ಕಂಪನಿಗಳು ನೂರಾರು ಮನೆಗಳನ್ನು ಒಂದೇ ವಿಳಾಸದ ಹಿಂದೆ ಇಡುತ್ತವೆ. ವಠಾರಕ್ಕೆಲ್ಲ ಒಂದೇ ಬಾಗಿಲು ಇದ್ದ ಹಾಗೆ. ಒಳಗಿನವರು ಹೊರಗೆ ಹೋಗಬಹುದು, ಹೊರಗಿನವರಿಗೆ ನಿಮ್ಮ ಮನೆ ಯಾವುದು ಗೊತ್ತಾಗುವುದಿಲ್ಲ. ರೌಟರ್ ಪುಟದಲ್ಲಿ ಹೊರಗಿನ ವಿಳಾಸ 100.64ರಿಂದ 100.127ರ ನಡುವೆ ಶುರುವಾಗಿದ್ದರೆ ನೀವು ಅಂಥ ವಠಾರದಲ್ಲಿದ್ದೀರಿ.

ಸ್ವಂತ ವಿಳಾಸ ಇದ್ದರೂ ರೌಟರ್‌ನಲ್ಲಿ ಬಾಗಿಲು ತೆರೆದಿಡುವುದು ಹೊಸಬರಿಗೆ ಬೇಡ. ಇಂಟರ್ನೆಟ್‌ನ ಹಳೇ ಬಗೆಯ ಎಲ್ಲ ವಿಳಾಸಗಳಲ್ಲೂ ಒಂದೊಂದು ಬಾಗಿಲನ್ನು ಒಂದು ಕಂಪ್ಯೂಟರ್ 45 ನಿಮಿಷದಲ್ಲಿ ತಟ್ಟಿ ನೋಡಬಹುದು ಅಂತ ಮಿಶಿಗನ್ ವಿಶ್ವವಿದ್ಯಾಲಯದವರು 2013ರಲ್ಲೇ ಮಾಡಿ ತೋರಿಸಿದ್ದಾರೆ. ತೆರೆದ ಬಾಗಿಲು ಕಳ್ಳರಿಗೆ ಸಿಗಲು ಹೊತ್ತು ಬೇಕಾಗಿಲ್ಲ.

ಟೈಲ್‌ಸ್ಕೇಲ್ ಇದಕ್ಕೆ ಸುಲಭದ ದಾರಿ. ವೈರ್‌ಗಾರ್ಡ್ ಅನ್ನುವ ಗೂಢಲಿಪಿಯ ಸುರಂಗದ ಮೇಲೆ ಕಟ್ಟಿದ್ದು. ಸರ್ವರ್‌ನಲ್ಲೂ ಫೋನಿನಲ್ಲೂ ಹಾಕಿ ಒಂದೇ ಖಾತೆಯಿಂದ ಲಾಗಿನ್ ಆದರೆ ಎರಡೂ ಒಳಗಿನಿಂದ ಹೊರಗೆ ಕೈಚಾಚಿ ಒಂದನ್ನೊಂದು ಹಿಡಿಯುತ್ತವೆ. ಬಾಗಿಲು ತೆರೆಯುವ ಪ್ರಮೇಯವೇ ಇಲ್ಲ. ಸ್ವಂತ ಬಳಕೆಗೆ ಉಚಿತ. ಅಕ್ಕ ಡಲ್ಲಾಸ್‌ನಲ್ಲಿ ಕೂತು ತನ್ನ ಮದುವೆ ವಿಡಿಯೋ ನೋಡಿದ್ದು ಇದರಿಂದಲೇ.

ಕರೆಂಟಿನ ಲೆಕ್ಕ

10 ವ್ಯಾಟ್ ಎಳೆಯುವ ಚಿಕ್ಕ ಪೆಟ್ಟಿಗೆ ಅಥವಾ ಲ್ಯಾಪ್‌ಟಾಪ್ ದಿನವಿಡೀ ಓಡಿದರೆ ತಿಂಗಳಿಗೆ 7.2 ಯೂನಿಟ್. ಯೂನಿಟ್‌ಗೆ 6 ರೂಪಾಯಿ ಅಂದರೂ 43 ರೂಪಾಯಿ ಚಿಲ್ಲರೆ. ಹಳೇ ಡೆಸ್ಕ್‌ಟಾಪ್ 50 ವ್ಯಾಟ್ ಎಳೆದರೆ 36 ಯೂನಿಟ್, 216 ರೂಪಾಯಿ. ಗೃಹಜ್ಯೋತಿ ಇರುವ ಮನೆಗಳು ಇನ್ನೊಂದು ನೋಡಬೇಕು. ಅಲ್ಲಿ ಉಚಿತ ಯೂನಿಟ್ ನಿಂತಿರುವುದು ಹಿಂದಿನ ಸರಾಸರಿ ಬಳಕೆಯ ಮೇಲೆ. ಅದಕ್ಕಿಂತ ಜಾಸ್ತಿಯಾದದ್ದಕ್ಕೆ ದುಡ್ಡು ಕಟ್ಟಬೇಕು, 200 ಯೂನಿಟ್ ದಾಟಿದರೆ ಪೂರ್ತಿ ಬಿಲ್.

ಲ್ಯಾಪ್‌ಟಾಪ್‌ನ ದೊಡ್ಡ ಲಾಭ ಅಂದರೆ ಬ್ಯಾಟರಿ. ಕರೆಂಟ್ ಹೋದಾಗ ಅದೇ ಯುಪಿಎಸ್. ಆದರೆ ಹಳೇ ಬ್ಯಾಟರಿ ಊದಿಕೊಳ್ಳುತ್ತದೆ. ಟ್ರ್ಯಾಕ್‌ಪ್ಯಾಡ್ ಮೇಲೆದ್ದ ಹಾಗೆ ಕಂಡರೆ ಅವತ್ತೇ ಆಫ್ ಮಾಡಿ, ರಿಪೇರಿಯವರ ಹತ್ತಿರ ಬ್ಯಾಟರಿ ತೆಗೆಸಿ.

ಸದ್ಯಕ್ಕೆ ಬೇಡವಾದವು

ಸ್ವಂತ ಇಮೇಲ್ ಸರ್ವರ್ ಮನೆಯಿಂದ ನಡೆಸಲು ಹೋಗಬೇಡಿ. ಮೇಲ್ ಕಳಿಸಲು ಬೇಕಾದ 25ನೇ ಪೋರ್ಟನ್ನು ಮನೆ ಸಂಪರ್ಕಗಳಲ್ಲಿ ಸಾಮಾನ್ಯವಾಗಿ ಮುಚ್ಚಿರುತ್ತಾರೆ. ಹೋದರೂ ಮನೆ ವಿಳಾಸದಿಂದ ಬಂದ ಪತ್ರ ಸ್ಪ್ಯಾಮ್‌ಗೆ ಬೀಳುತ್ತದೆ. ಪಾಸ್‌ವರ್ಡ್ ಇಡುವ ವಾಲ್ಟ್‌ವಾರ್ಡನ್ ಒಳ್ಳೆಯದೇ. ಸರ್ವರ್ ನಿಂತರೂ ಫೋನಿನಲ್ಲಿ ಉಳಿದಿರುವ ಪ್ರತಿಯಿಂದ ಪಾಸ್‌ವರ್ಡ್ ನೋಡಬಹುದು, ಹೊಸದು ಸೇರಿಸಲು ಆಗುವುದಿಲ್ಲ. ಆದರೆ ಅದರ ಡೇಟಾ ಹೋದರೆ ಬ್ಯಾಂಕಿನಿಂದ ಹಿಡಿದು ಎಲ್ಲದಕ್ಕೂ ಪರದಾಟ. ಆರು ತಿಂಗಳು ಬ್ಯಾಕಪ್ ತಪ್ಪದೆ ನಡೆದ ಮೇಲೆ ಯೋಚಿಸಿ. ಮನೆಯಲ್ಲಿ ಸ್ಮಾರ್ಟ್ ಬಲ್ಬು, ಪ್ಲಗ್ಗು ಇದ್ದರಷ್ಟೇ ಅವನ್ನು ನಡೆಸುವ ಹೋಮ್ ಅಸಿಸ್ಟೆಂಟ್ ಬೇಕು. ನೆಕ್ಸ್ಟ್‌ಕ್ಲೌಡ್ ಒಂದರಲ್ಲೇ ಫೈಲು, ಕ್ಯಾಲೆಂಡರ್ ಎಲ್ಲ ಇದೆ, ನೋಡಿಕೊಳ್ಳುವ ಕೆಲಸವೂ ಅಷ್ಟೇ ಇದೆ.

ಗೋಡೆಗೆ ಅಂಟಿಸುವ ಚೀಟಿ

ಆ ಸೋಮವಾರದ ನಂತರ ಸರ್ವರ್ ಪಕ್ಕದ ಗೋಡೆಗೆ ಒಂದು ಹಾಳೆ ಅಂಟಿಸಿದ್ದೇವೆ. ಹೆಂಡತಿ ಕೇಳಿಕೇಳಿ ತನ್ನ ಕೈಯಲ್ಲೇ ಬರೆದಳು. ನೆಟ್ ಬರದಿದ್ದರೆ ರೌಟರ್ ಪುಟದ ವಿಳಾಸ, ಡಿಎನ್‌ಎಸ್ ಬದಲಿಸುವ ಜಾಗ. ಆಫ್ ಮಾಡಬೇಕಾದರೆ ಪವರ್ ಬಟನ್ ಒಮ್ಮೆ ಒತ್ತಿ ದೀಪ ಆರುವವರೆಗೆ ಕಾಯುವುದು. ಫೋಟೋಗಳು ಯಾವ ಫೋಲ್ಡರ್‌ನಲ್ಲಿವೆ, ಬ್ಯಾಕಪ್ ಡಿಸ್ಕ್ ಯಾವುದು, ಇನ್ನೊಂದು ಯಾರ ಮನೆಯಲ್ಲಿದೆ. ಡಿಸ್ಕಿನ ಪಾಸ್‌ವರ್ಡ್ ಹಾಳೆಯಲ್ಲಿಲ್ಲ, ಅದು ಲಕೋಟೆಯಲ್ಲಿ ಬೀರುವಿನೊಳಗೆ ಇದೆ. ಕೊನೆಯ ಸಾಲಿನಲ್ಲಿ ಬ್ಯಾಕಪ್ ತೆರೆದು ನೋಡಿದ ದಿನಾಂಕ. ಪ್ರತಿ ತಿಂಗಳು ಹಳೆಯದನ್ನು ಹೊಡೆದುಹಾಕಿ ಹೊಸದು ಬರೆಯುತ್ತೇವೆ.